ಗೋಡೆ, ಸ್ಲ್ಯಾಬ್, ಸಂದು: ಒಂದು ಸರದಿಯ ಚರಿತ್ರೆ

ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿ ಕಟ್ಟುವ ಕಟ್ಟಡಕ್ಕೆ ಕಂಬ-ತೊಲೆಗಳ ಹಂದರ ಇರುವುದಿಲ್ಲ. ಗೋಡೆಯ ಫಲಕವೇ ಭಾರ ಹೊರುತ್ತದೆ, ಸ್ಲ್ಯಾಬಿನ ಫಲಕ ಗೋಡೆಗಳನ್ನು ಓಲದಂತೆ ಹಿಡಿಯುತ್ತದೆ. ಪೂರ್ಣಗೊಂಡ ಮೇಲೆ ಒಂದಕ್ಕೊಂದು ಆಸರೆಯಾಗುವ ಈ ಫಲಕಗಳಿಗೆ ಕಟ್ಟುವ ಹೊತ್ತಿನಲ್ಲಿ ಆ ಆಸರೆ ಸಿಕ್ಕಿರುವುದಿಲ್ಲ. ಹಾಗಾಗಿ ಯಾವುದನ್ನು ಮೊದಲು ನಿಲ್ಲಿಸಬೇಕು, ಯಾವುದನ್ನು ಆಮೇಲೆ ಎಂಬುದೂ ಭದ್ರತೆಯ ಲೆಕ್ಕಕ್ಕೆ ಸೇರುತ್ತದೆ.

ಈ ವಿಧಾನದ ಆರಂಭದ ಪ್ರಯೋಗಗಳಲ್ಲಿ ಒಂದು 1905ರಲ್ಲಿ ಲಿವರ್‌ಪೂಲಿನ ಎಲ್ಡನ್ ಸ್ಟ್ರೀಟಿನಲ್ಲಿ ನಡೆಯಿತು. ನಗರದ ಎಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ ಅಲ್ಲಿ ಕಾಂಕ್ರೀಟ್ ಫಲಕಗಳಿಂದ ವಸತಿ ಕಟ್ಟಡ ಕಟ್ಟಿಸಿದ. ಎರಡನೇ ಮಹಾಯುದ್ಧದ ನಂತರ ಮನೆಗಳ ಕೊರತೆ ಯುರೋಪನ್ನು ಕಾಡಿದಾಗ ಫ್ರಾನ್ಸಿನ ಕಾಮ್ಯೂ, ಡೆನ್ಮಾರ್ಕಿನ ಲಾರ್ಸೆನ್-ನೀಲ್ಸನ್ ಪದ್ಧತಿಗಳು ಹರಡಿದವು. ಸೋವಿಯತ್ ಒಕ್ಕೂಟದಲ್ಲಿ ಇಡೀ ಬಡಾವಣೆಗಳೇ ಫಲಕಗಳಿಂದ ಎದ್ದವು.

ಜೋಡಣೆಯ ಸರದಿ ಹೀಗಿರುತ್ತದೆ. ಲಿಫ್ಟ್ ಅಥವಾ ಮೆಟ್ಟಿಲಿನ ಗೂಡಿನಿಂದ, ಇಲ್ಲವೇ ಒಂದು ಮೂಲೆಯಿಂದ ಕೆಲಸ ಶುರು. ಒಂಟಿ ಫಲಕ ತನ್ನ ಅಗಲದ ದಿಕ್ಕಿನಲ್ಲಿ ಗಟ್ಟಿ, ದಪ್ಪದ ದಿಕ್ಕಿನಲ್ಲಿ ದುರ್ಬಲ. ಗಾಳಿಗೂ ಅದು ಮಗುಚಬಹುದು. ಒಂದಕ್ಕೊಂದು ಲಂಬವಾಗಿ ಕೂಡಿಸಿದ ಎರಡು ಫಲಕಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಲ್ಲಿಯವರೆಗೆ ಪ್ರತಿ ಫಲಕಕ್ಕೂ ಓರೆ ಆಸರೆ ಕೊಟ್ಟ ಮೇಲೆಯೇ ಕ್ರೇನಿನ ಕೊಕ್ಕೆ ಬಿಡಿಸಬೇಕು. ನಂತರ ಸ್ಲ್ಯಾಬ್ ಕೂರುತ್ತದೆ. ಒಳಗೋಡೆಯ ಒಂದೇ ಪಕ್ಕಕ್ಕೆ ಸ್ಲ್ಯಾಬ್ ಹೇರಿ ಇನ್ನೊಂದನ್ನು ಬಹುಕಾಲ ಖಾಲಿ ಬಿಟ್ಟರೆ ಭಾರ ನಡುವಿನಿಂದ ಸರಿದು ಗೋಡೆ ಬಾಗತೊಡಗುತ್ತದೆ. ಸಂದುಗಳಲ್ಲಿ ಕಂಬಿ ಕಟ್ಟಿ ಕಾಂಕ್ರೀಟ್ ತುಂಬಿ, ಅದು ಬಲಿತ ಬಳಿಕವೇ ಆಸರೆ ತೆಗೆಯಬೇಕು.

ಮೇಲಂತಸ್ತಿನ ಗೋಡೆಯನ್ನು ಮಟ್ಟಕ್ಕೆ ತರುವ ಬೋಲ್ಟ್‌ಗಳ ಮೇಲೆ ಕೂರಿಸಿ, ಅಡಿಯ ಸಂದಿಗೆ ಗಟ್ಟಿ ಗಾರೆ ಗಿಡಿಯುತ್ತಾರೆ. ಗಾರೆ ಬಲಿತ ಮೇಲೆ ನಟ್ಟುಗಳನ್ನು ಸಡಿಲಿಸಬೇಕು. ಆಗ ಭಾರ ಗೋಡೆಯುದ್ದಕ್ಕೂ ಹರಡಿ ಇಳಿಯುತ್ತದೆ. ಈ ಕೊನೆಯ ಹೆಜ್ಜೆ ತಪ್ಪಿದರೆ ಇಡೀ ಗೋಡೆ ಬೋಲ್ಟ್‌ಗಳ ಮೇಲೆಯೇ ನಿಂತುಬಿಡುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ.

ಸಂದುಗಳ ಮಹತ್ವ ಜಗತ್ತಿಗೆ ತಿಳಿದದ್ದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್‌ನಲ್ಲಿ. ಲಾರ್ಸೆನ್-ನೀಲ್ಸನ್ ಪದ್ಧತಿಯ ಈ 22 ಅಂತಸ್ತಿನ ಕಟ್ಟಡಕ್ಕೆ ಜನ ಬಂದು ಎರಡು ತಿಂಗಳಾಗಿತ್ತಷ್ಟೆ. 1968ರ ಮೇ 16ರ ಬೆಳಗಿನ ಜಾವ 18ನೇ ಅಂತಸ್ತಿನ ಅಡುಗೆಮನೆಯಲ್ಲಿ ಸೋರಿದ ಅನಿಲ ಸ್ಫೋಟಿಸಿ ಮೂಲೆಯ ಗೋಡೆ ಫಲಕಗಳನ್ನು ಹೊರದಬ್ಬಿತು. ಆಧಾರ ತಪ್ಪಿದ ಮೇಲಂತಸ್ತುಗಳು ಕುಸಿದವು. ಅವುಗಳ ಹೊಡೆತಕ್ಕೆ ಕೆಳಗಿನವೂ ನೆಲದವರೆಗೆ ಕಳಚಿದವು. ಸತ್ತವರು ನಾಲ್ವರು. ಕುಸಿದದ್ದು ಹೆಚ್ಚಾಗಿ ಹಜಾರಗಳ ಸಾಲು; ಆ ಹೊತ್ತಿನಲ್ಲಿ ಬಹುತೇಕರು ಮಲಗುವ ಕೋಣೆಗಳಲ್ಲಿದ್ದರು.

ಹ್ಯೂ ಗ್ರಿಫಿತ್ಸ್ ನೇತೃತ್ವದ ವಿಚಾರಣೆ ಅದೇ ವರ್ಷ ವರದಿ ಕೊಟ್ಟಿತು. ಸ್ಫೋಟ ಅಸಾಧಾರಣವೇನಲ್ಲ, ಒಂದು ಫಲಕ ಹೋದರೆ ಭಾರಕ್ಕೆ ಬೇರೆ ದಾರಿಯೇ ಇಲ್ಲದ್ದು ಮುಖ್ಯ ದೋಷ ಎಂಬುದು ಅದರ ಸಾರ. 1970ರಲ್ಲಿ ಬ್ರಿಟನ್ನಿನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ಬಂತು. ಅದರ ಪ್ರಕಾರ ಐದು ಅಥವಾ ಹೆಚ್ಚು ಅಂತಸ್ತಿನ ಕಟ್ಟಡದಲ್ಲಿ ಒಂದು ಭಾಗ ಕಳಚಿದರೆ ಕುಸಿತ ಹಬ್ಬದಂತಿರಬೇಕಿತ್ತು. ಇಲ್ಲವೇ ಆ ಭಾಗ ಚದರ ಮೀಟರಿಗೆ 34 ಕಿಲೋನ್ಯೂಟನ್ ಒತ್ತಡ ತಾಳಬೇಕಿತ್ತು.

ದುರಸ್ತಿಯಾದ ರೋನನ್ ಪಾಯಿಂಟ್‌ನಲ್ಲಿ ಬಿರುಕುಗಳ ಬಗ್ಗೆ ವಾಸ್ತುಶಿಲ್ಪಿ ಸ್ಯಾಮ್ ವೆಬ್ ಎಚ್ಚರಿಸುತ್ತಲೇ ಬಂದ. 1986ರಲ್ಲಿ ಕಟ್ಟಡವನ್ನು ಸ್ಫೋಟಿಸದೆ ಒಂದೊಂದೇ ಅಂತಸ್ತು ಬಿಚ್ಚಿ ಪರಿಶೀಲಿಸಲಾಯಿತು. ಗಾರೆ ಇರಬೇಕಾದ ಸಂದುಗಳಲ್ಲಿ ಖಾಲಿ ಜಾಗ, ಕಸ, ಹಳೆಯ ಪತ್ರಿಕೆಯ ಹಾಳೆಗಳು ಸಿಕ್ಕವು. ಗೋಡೆಗಳ ಭಾರ ಬೋಲ್ಟ್‌ಗಳ ಮೇಲೆ ಕೂತಿದ್ದ ಜಾಗಗಳೂ ಇದ್ದವು.

1968ರ ಕುಸಿತದ ಬಳಿಕ ವಿನ್ಯಾಸಕಾರರು ಉದ್ದಕ್ಕೆ, ಅಡ್ಡಕ್ಕೆ, ಮೇಲಿನಿಂದ ಕೆಳಕ್ಕೆ ಮತ್ತು ಅಂಚಿನ ಸುತ್ತ ಉಕ್ಕಿನ ಕಟ್ಟು ಹಾಕಿ ಫಲಕಗಳನ್ನು ಬಂಧಿಸುವುದು ವಾಡಿಕೆಯಾಯಿತು. ಭಾರತದಲ್ಲಿ ದೊಡ್ಡ ಫಲಕಗಳ ನಿರ್ಮಾಣಕ್ಕೆ ಐಎಸ್ 11447 ಸಂಹಿತೆ 1985ರಲ್ಲಿ ಬಂತು. ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ) ಕಟ್ಟಡಗಳ ವಿನ್ಯಾಸದ ಜೊತೆ ಜೋಡಣೆಯನ್ನೂ ಒಳಗೊಂಡ ಐಎಸ್ 15916 ಬಂದದ್ದು 2010ರಲ್ಲಿ. ಈಗ ನಕ್ಷೆಯ ಜೊತೆಗೇ ಜೋಡಣೆಯ ಕ್ರಮಪಟ್ಟಿಯೂ ತಯಾರಾಗುತ್ತದೆ: ಫಲಕದ ಸರದಿ, ಆಸರೆಯ ಜಾಗ, ಸಂದು ತುಂಬುವ ದಿನ, ಆಸರೆ ತೆಗೆಯಲು ಕಾಂಕ್ರೀಟಿಗೆ ಬೇಕಾದ ಬಲ. ಸಂದು ಮುಚ್ಚುವ ಮೊದಲು ಪರೀಕ್ಷಿಸಿ ಸಹಿ ಹಾಕುವುದೂ ಆ ಕ್ರಮದ ಭಾಗ. ಮುಚ್ಚಿದ ಮೇಲೆ ಒಳಗೇನಿದೆ ಎಂದು ನೋಡಲು ಕಟ್ಟಡವನ್ನೇ ಬಿಚ್ಚಬೇಕಾಗುತ್ತದೆ.