ಕಬ್ಬಾಳದುರ್ಗ: ಕೋಟೆನಾ, ಜೈಲಾ?

ಉಯ್ಯಂಬಳ್ಳಿಯ ಗೆಳೆಯನ ಮನೆಯಿಂದ ಬೈಕಲ್ಲಿ ಸಾತನೂರು ಕಡೆಯಿಂದ ಕಬ್ಬಾಳಕ್ಕೆ ಹೋದ್ವಿ. ಕಬ್ಬಾಳಮ್ಮನಿಗೆ ಕೈಮುಗಿದು ಬೆಟ್ಟ ಹತ್ತಿದ್ವಿ. ಮೇಲೆ ಪಾಳುಬಿದ್ದ ಕೋಟೆ. ಸಾಮಾನ್ಯವಾಗಿ ಕೋಟೆ ಕಟ್ಟೋದು ಶತ್ರು ಒಳಗೆ ಬರಬಾರದು ಅಂತ. ಇದು ಒಳಗಿದ್ದವರು ಹೊರಗೆ ಹೋಗಬಾರದು ಅಂತಲೂ ಬಳಕೆಯಾಯ್ತು. ದಳವಾಯಿಗಳು 1734ರಲ್ಲಿ ಮೈಸೂರಿನ ದೊರೆ 7ನೇ ಚಾಮರಾಜ ಒಡೆಯರನ್ನೇ ಪಟ್ಟದಿಂದ ಇಳಿಸಿ ಇಲ್ಲಿ ಸೆರೆಯಿಟ್ಟರು. ಅವರು ಇಲ್ಲೇ ತೀರಿಕೊಂಡರು.

ಇಲ್ಲೇ ಯಾಕೆ? ಬಂಡೆ ನೋಡಿ. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್ ಸೀಮೆ ಇದು. ಸುತ್ತ ಕಡಿದಾದ ಕಲ್ಲು. ಅರ್ಧ ಗೋಡೆ ಪ್ರಕೃತಿಯೇ ಕಟ್ಟಿಟ್ಟಿತ್ತು.

ಕೋಟೆ ಕಲ್ಲಿನ ಮೇಲೆ ಯಾರ್‍ಯಾರದೋ ಹೆಸರು ಗೀಚಿದ್ದರು. ಗೆಳೆಯನೂ ಚೂಪುಕಲ್ಲು ಎತ್ತಿಕೊಂಡ. ಆಮೇಲೆ ಬಿಸಾಕಿ ಅಂದ: "ಸೆರೆಯಲ್ಲಿದ್ದ ದೊರೆ ಹೆಸರೇ ಇಲ್ಲಿ ಕಾಣ್ತಿಲ್ಲ, ನಮ್ದ್ಯಾಕೋ?"

ನೀವೂ ಹೋಗಿ. ನೀರು ಒಯ್ಯಿರಿ, ಹೆಸರು ಬರೀಬೇಡಿ.