ಕಾದಂಬರಿಯೂ ಚಲಚ್ಚಿತ್ರವೂ: ‘ಚೋಮನ ದುಡಿ’ಯ ಎರಡು ಕಾಲಗಳು

ಕಾದಂಬರಿಯೊಂದು ಚಲಚ್ಚಿತ್ರವಾಗಿ ಬಂದಾಗ ನಾವು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಒಂದೇ: ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೆ? ಈ ಪ್ರಶ್ನೆ ಸಹಜವಾದುದು, ಆದರೆ ಸಾಕಾಗುವಂಥದಲ್ಲ. ನಿಷ್ಠೆಯೊಂದನ್ನೇ ಅಳೆಯಹೊರಟರೆ ಚಿತ್ರವು ಕಾದಂಬರಿಯ ನೆರಳಾಗಿ ಉಳಿಯುವುದೇ ಹೊರತು ಸ್ವತಂತ್ರ ಕೃತಿಯೆಂದು ಪರಿಗಣಿತವಾಗುವುದಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಇನ್ನೊಂದು ನಷ್ಟವೂ ಉಂಟು. ಹಿಂದಿನ ದಕ್ಷಿಣ ಕನ್ನಡದ ಕೃಷಿಸಂಬಂಧಗಳನ್ನು ಕುರಿತು ತರಗತಿಯಲ್ಲಿ ಪ್ರಬಂಧ ಬರೆಯಿಸಿದಾಗ ಹಲವರು ‘ಚೋಮನ ದುಡಿ’ಯನ್ನು ಆಧಾರವೆಂದು ಹೆಸರಿಸಿದ್ದರು. ಯಾವ ‘ಚೋಮನ ದುಡಿ’ ಎಂದು ಕೇಳಿದರೆ, ಓದಿದುದನ್ನೂ ನೋಡಿದುದನ್ನೂ ಬೇರ್ಪಡಿಸಿ ಹೇಳಬಲ್ಲವರು ಕೆಲವರೇ. ಈ ಗೊಂದಲವೇ ಪ್ರಕೃತ ಲೇಖನಕ್ಕೆ ಕಾರಣ.

ಶಿವರಾಮ ಕಾರಂತರ ಕಾದಂಬರಿ ಪ್ರಕಟವಾದುದು 1933ರಲ್ಲಿ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಅದೇ ಜಿಲ್ಲೆಯವರಾದ ಬಿ. ವಿ. ಕಾರಂತರು ನಿರ್ದೇಶಿಸಿದ ಚಿತ್ರ 1975ರದು. ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ಅದಕ್ಕೂ, ಅತ್ಯುತ್ತಮ ನಟರೆಂದು ಚೋಮನ ಪಾತ್ರ ವಹಿಸಿದ ಎಂ. ವಿ. ವಾಸುದೇವರಾಯರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಕಥೆಯ ಹಂದರ ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ಅಸ್ಪೃಶ್ಯನಾದ ಚೋಮನು ಧಣಿಯ ಮೂಲದಾಳು. ಅವನಲ್ಲಿ ಜೋಡಿ ಎತ್ತುಗಳಿವೆ. ಉಳಲು ತುಂಡು ಗದ್ದೆಯಿಲ್ಲ. ಬೇಸಾಯ ಅವನ ಜಾತಿಗೆ ಸಲ್ಲದೆಂಬುದು ಊರಿನ ಕಟ್ಟು. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತನಾಗುತ್ತಾನೆ, ಮತ್ತೊಬ್ಬ ಹುಡುಗ ನೀರುಪಾಲಾಗುವಾಗ ಮುಟ್ಟಿ ಎತ್ತುವವರಿಲ್ಲ. ಕೊನೆಗೆ ಚೋಮನಿಗೆ ಉಳಿಯುವುದು ದುಡಿಯೊಂದೇ.

ಇಷ್ಟು ಸಾಮ್ಯವಿದ್ದರೂ ಎರಡು ಕೃತಿಗಳು ಕೆಲಸ ಮಾಡುವ ಬಗೆ ಬೇರೆ. ಕಾದಂಬರಿಯಲ್ಲಿ ನಿರೂಪಕನುಂಟು. ಅವನು ಚೋಮನ ಮನಸ್ಸನ್ನು ಹೊಕ್ಕಂತೆ ಧಣಿ ಸಂಕಪ್ಪಯ್ಯನ ಮನಸ್ಸನ್ನೂ ಹೊಗಬಲ್ಲ. ಧಣಿ ಕ್ರೂರಿಯಲ್ಲ, ಸಂಪ್ರದಾಯವನ್ನು ಮೀರಲಾರದವನು ಎಂಬುದನ್ನು ಬಿಡಿಸಿ ಹೇಳಬಲ್ಲ. ಚಿತ್ರಕ್ಕೆ ಇಂಥ ನಿರೂಪಕನಿಲ್ಲ. ಚೋಮನ ಒಳಗುದಿಯನ್ನು ವಾಸುದೇವರಾಯರ ಮುಖದಲ್ಲಿಯೂ ಮೌನದಲ್ಲಿಯೂ ನಾವೇ ಓದಿಕೊಳ್ಳಬೇಕು. ಪ್ರತಿಯಾಗಿ, ಕಾದಂಬರಿಗೆ ಅಸಾಧ್ಯವಾದುದೊಂದು ಚಿತ್ರಕ್ಕೆ ಸಾಧ್ಯ. ಪುಟದ ಮೇಲೆ ದುಡಿ ಒಂದು ಶಬ್ದ ಮಾತ್ರ. ಅದರ ಸದ್ದನ್ನು ವಾಚಕನು ಊಹಿಸಿಕೊಳ್ಳಬೇಕು. ಚಿತ್ರದಲ್ಲಿ ಅದು ಕಿವಿಗೇ ಬಡಿಯುತ್ತದೆ. ಮಾತಿನಲ್ಲಿ ಹೇಳಲಾರದ ಸಿಟ್ಟನ್ನು ಬಡಿತದಲ್ಲಿ ಹೇಳುವ ಮನುಷ್ಯನ ಕಥೆಗೆ ಇದು ಸಣ್ಣ ಲಾಭವಲ್ಲ.

ಭಾಷೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಚೋಮನಂಥವನ ಮನೆಮಾತು ತುಳು. ಕಾದಂಬರಿಯೂ ಚಿತ್ರವೂ ಅವನಿಂದ ಕನ್ನಡವಾಡಿಸುತ್ತವೆ. ಎಂದರೆ ಎರಡೂ ಒಂದರ್ಥದಲ್ಲಿ ಭಾಷಾಂತರಗಳೇ. ಆತನ ನುಡಿಯ ನೇರ ದಾಖಲೆ ಯಾವುದೂ ಅಲ್ಲ.

ಇತಿಹಾಸಕಾರನಿಗೆ ಎಲ್ಲಕ್ಕಿಂತ ಮುಖ್ಯವಾದುದು ನಡುವಣ 42 ವರ್ಷಗಳು. 1933ರ ವಾಚಕನಿಗೆ ಚೋಮನು ಸಮಕಾಲೀನ. 1975ರ ಪ್ರೇಕ್ಷಕನು ಚಿತ್ರಮಂದಿರಕ್ಕೆ ಬರುವ ವೇಳೆಗೆ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿ ಕಾಲು ಶತಮಾನವಾಗಿತ್ತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳು ಸರ್ಕಾರಕ್ಕೆ ಸೇರಿ, ಸಾಗುವಳಿ ಮಾಡುತ್ತಿದ್ದ ಗೇಣಿದಾರರಿಗೆ ಹಕ್ಕು ದೊರೆಯುವ ಕ್ರಮ ಆರಂಭವಾಗಿತ್ತು. 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಸುಗ್ರೀವಾಜ್ಞೆಯೂ ಹೊರಟಿತು. ಹಾಗಾದರೆ ಚೋಮನ ಕಥೆ ತೀರಿದ ಕಥೆಯೆ?

ಉತ್ತರ ಕಥೆಯಲ್ಲಿಯೇ ಇದೆ. ಕಾಯಿದೆಯು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಚೋಮನಾದರೋ ಗೇಣಿದಾರನೇ ಅಲ್ಲ. ಗೇಣಿದಾರನಾಗಬೇಕೆಂಬುದೇ ಅವನ ಆಸೆ, ಅದನ್ನೇ ಊರು ನಿರಾಕರಿಸಿತು. ಮಿತಿಮೀರಿದ ಹಿಡುವಳಿಯನ್ನು ಭೂಹೀನರಿಗೆ ಹಂಚುವ ವಿಧಿಯೂ ಕಾಯಿದೆಯಲ್ಲಿದ್ದಿತಾದರೂ, ಅದರ ಮುಖ್ಯ ಫಲ ದೊರೆತುದು ಗೇಣಿದಾರರಿಗೆ. ಗೇಣಿಪತ್ರದಲ್ಲಿ ಹೆಸರೇ ಇಲ್ಲದವನಿಗೆ, ಜಾತಿಯ ಕಟ್ಟಿನಿಂದಾಗಿ ಸಾಗುವಳಿಯ ಹೊರಗೇ ಉಳಿದವನಿಗೆ, ಆ ಸುಧಾರಣೆಯ ಬಾಗಿಲು ಸುಲಭವಾಗಿ ತೆರೆಯುವಂತಿರಲಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಹಳೆಯ ಕಥೆಯನ್ನು ಬಹುಮಟ್ಟಿಗೆ ಇದ್ದಂತೆಯೇ ಹೇಳಿದ ಚಿತ್ರವು ಹೊಸ ಪ್ರಶ್ನೆಯೊಂದನ್ನು ಕೇಳಿದಂತಾಯಿತು. ಕಾದಂಬರಿ ಕೇಳಿದ್ದು: ಇವನಿಗೆ ಏಕೆ ಭೂಮಿಯಿಲ್ಲ? 1975ರಲ್ಲಿ ಅದೇ ಕಥೆ ಕೇಳಿದ್ದು: ಇಷ್ಟೆಲ್ಲ ಆದ ಮೇಲೂ ಇವನಿಗೆ ಏಕೆ ಭೂಮಿಯಿಲ್ಲ?

ಇಲ್ಲಿ ಒಂದು ಆಕ್ಷೇಪ ಬರಬಹುದು. ನಿರ್ದೇಶಕರು ಇದನ್ನು ಉದ್ದೇಶಿಸಿದ್ದರೆಂಬುದಕ್ಕೆ ಪ್ರಮಾಣವೇನು? ಪ್ರಮಾಣ ಬೇಕಿಲ್ಲ ಎಂದೇ ಉತ್ತರ. ಶಾಸನವನ್ನು ಓದುವಾಗ ಕೆತ್ತಿಸಿದವನ ಉದ್ದೇಶವೊಂದನ್ನೇ ಅಲ್ಲ, ಅದು ಯಾವ ಕಾಲದಲ್ಲಿ, ಯಾರೆದುರು ನಿಂತಿತೆಂಬುದನ್ನೂ ನಾವು ವಿಚಾರಿಸುತ್ತೇವಷ್ಟೆ. ಚಲಚ್ಚಿತ್ರಕ್ಕೂ ಅದೇ ಕ್ರಮ ಸಲ್ಲಬೇಕು.

ಆದುದರಿಂದ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತು ಇಷ್ಟು: 1933ರ ಕೃಷಿಜೀವನಕ್ಕೆ ಕಾದಂಬರಿಯನ್ನು ಎಚ್ಚರಿಕೆಯಿಂದ ಸಾಕ್ಷಿ ಕರೆಯಬಹುದು, ಚಿತ್ರವನ್ನು ಆ ಕಾಲದ ಸಾಕ್ಷಿಯೆಂದು ಕರೆಯಲಾಗದು. ಅದರಲ್ಲಿನ ಗದ್ದೆ, ಗುಡಿಸಲು, ಮುಖಗಳು 1970ರ ದಶಕದವು. ಚಿತ್ರವು ತನ್ನ ಕಾಲಕ್ಕೆ ತಾನೇ ಸಾಕ್ಷಿ. ಎರಡನ್ನೂ ಅವುಗಳ ತಾರೀಖಿನೊಡನೆ ಓದಿದಾಗ ಮಾತ್ರ, ಆ 42 ವರ್ಷಗಳಲ್ಲಿ ಬದಲಾದುದೇನು, ಬದಲಾಗದೆ ಉಳಿದುದೇನು ಎಂಬುದು ತಿಳಿಯುತ್ತದೆ.