ಕುಂಡದ ಮೇಪಲ್ ಏಕೆ ಸೊರಗುತ್ತದೆ?



ಕುಂಡದಲ್ಲಿರುವ ಗಿಡವೊಂದರ ಎಲೆಯಂಚು ಒಣಗಿದೆ ಎಂದಿಟ್ಟುಕೊಳ್ಳಿ. ನೀವು ಏನು ಮಾಡುತ್ತೀರಿ? ಒಂದು ಚೆಂಬು ನೀರು ತಂದು ಹಾಕುತ್ತೀರಿ. ಮರುದಿನ ಇನ್ನಷ್ಟು ಒಣಗಿದರೆ ಇನ್ನೊಂದು ಚೆಂಬು. ಕೆಲವು ವಾರಗಳಲ್ಲಿ ಗಿಡ ಸತ್ತೇ ಹೋಗುತ್ತದೆ. "ಅಷ್ಟು ನೀರು ಹಾಕಿದರೂ ಉಳಿಯಲಿಲ್ಲವಲ್ಲ" ಎಂದು ಮನೆಯವರೆಲ್ಲ ಕೊರಗುತ್ತಾರೆ. ಆದರೆ ಎಷ್ಟೋ ಸಲ ಗಿಡವನ್ನು ಕೊಂದದ್ದು ಆ ನೀರೇ! ಇದು ಹೇಗೆಂಬುದನ್ನು ಜಪಾನಿ ಮೇಪಲ್ ಎಂಬ ಮರದ ಕಥೆಯಿಂದ ತಿಳಿಯೋಣ.

ಕಾಡಿನ ನೆರಳಿನಿಂದ ಕಲ್ಲುಹಾಸಿಗೆ

ಜಪಾನ್ ಮತ್ತು ಕೊರಿಯಾದ ಬೆಟ್ಟಗಾಡುಗಳಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಚಿಕ್ಕ ಮರವಿದು. ಎಲೆ ಬೆರಳು ಬಿಡಿಸಿದ ಅಂಗೈಯಂತಿರುತ್ತದೆ. 1775-76ರಲ್ಲಿ ಜಪಾನಿನಲ್ಲಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬರ್ಗ್ ಇದನ್ನು ಅಲ್ಲಿ ಕಂಡರು. 1784ರಲ್ಲಿ ಪ್ರಕಟವಾದ ಇದರ ಶಾಸ್ತ್ರೀಯ ಹೆಸರು ಏಸರ್ ಪಾಮೇಟಮ್. ಪಾಮೇಟಮ್ ಎಂದರೆ ಅಂಗೈಯಂಥದ್ದು ಎಂದೇ ಅರ್ಥ. ಶರತ್ಕಾಲದಲ್ಲಿ ಇದರ ಎಲೆಗಳು ಕೆಂಪೇರಿದಾಗ ಜಪಾನೀಯರು ಅದನ್ನು ನೋಡಲೆಂದೇ ಊರೂರು ಸುತ್ತುತ್ತಾರೆ. ಈ ಚೆಲುವಿಗೆ ಮಾರುಹೋದ ಬ್ರಿಟನ್, ಅಮೆರಿಕಗಳ ಜನ ಮನೆಯ ಹಿಂದಿನ ಕಲ್ಲುಹಾಸಿನ ಅಂಗಳದಲ್ಲಿ, ಕುಂಡಗಳಲ್ಲಿ ಇದನ್ನು ಬೆಳೆಸುತ್ತಾರೆ.

ತೊಂದರೆ ಶುರುವಾಗುವುದು ಅಲ್ಲಿಯೇ. ಕಾಡಿನಲ್ಲಿ ಇದರ ಬೇರುಗಳು ತರಗೆಲೆ ಕೊಳೆತು ಹುಡಿಯಾದ ಮೇಲ್ಮಣ್ಣಿನಲ್ಲಿ ಹರಡಿಕೊಳ್ಳುತ್ತವೆ. ಆ ಮಣ್ಣಿನಲ್ಲಿ ತೇವವೂ ಉಂಟು, ಗಾಳಿಯೂ ಉಂಟು. ಅಂಗಳದಲ್ಲಾದರೋ ಮಧ್ಯಾಹ್ನದ ಬಿಸಿಲು, ಒಣಗಾಳಿ, ಕಾದ ಕಲ್ಲಿನ ಝಳ. ಬೇರಿಗೆ ಸಿಗುವುದು ಒಂದು ಕುಂಡದಷ್ಟೇ ಮಣ್ಣು.

ಎಲೆಯಂಚೇ ಮೊದಲು ಒಣಗುವುದೇಕೆ?

ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುವುದನ್ನು ಬಾಷ್ಪವಿಸರ್ಜನೆ ಎಂದು ಪಾಠದಲ್ಲಿ ಓದಿದ್ದೀರಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರಲ್ಲಿ ಕುಂಡದಲ್ಲಿದ್ದ ಒಂದು ಸೂರ್ಯಕಾಂತಿ ಗಿಡವನ್ನು ಹದಿನೈದು ದಿನ ಬೆಳಿಗ್ಗೆ ಸಂಜೆ ತೂಗಿ ನೋಡಿದರು. ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ್ದರು. ಮನುಷ್ಯನ ಎದೆಯೆತ್ತರಕ್ಕೂ ಬಾರದ ಆ ಗಿಡ ಹಗಲೊಂದಕ್ಕೆ ಸರಾಸರಿ 20 ಔನ್ಸ್, ಎಂದರೆ ಅರ್ಧ ಕಿಲೋಗ್ರಾಮಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿತ್ತು!

ಇಷ್ಟು ನೀರನ್ನು ಬೇರು ಒದಗಿಸುತ್ತಲೇ ಇರಬೇಕು. ಒದಗಿಸಲಾಗದಿದ್ದರೆ? ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಗದ್ದೆ. ಎಲೆಯಲ್ಲಿ ಆ ಕೊನೆಯ ಗದ್ದೆಯೇ ಅಂಚು. ಮೇಪಲ್‌ನ ಎಲೆ ತೆಳುವಾದ್ದರಿಂದ ಇದು ಬೇಗ ಕಾಣಿಸುತ್ತದೆ.

ಲಕ್ಷಣ ಒಂದು, ಕಾರಣ ಎರಡು

ಇಲ್ಲಿ ಎಚ್ಚರಿಕೆಯಿಂದ ಗಮನಿಸಿ. ಬೇರು ನೀರು ಒದಗಿಸದಿರಲು ಎರಡು ಕಾರಣಗಳಿರಬಹುದು. ಮಣ್ಣಿನಲ್ಲಿ ನೀರಿಲ್ಲದಿರುವುದು ಒಂದು. ನೀರು ಅತಿಯಾಗಿ ಬೇರೇ ಸಾಯುತ್ತಿರುವುದು ಇನ್ನೊಂದು. ಬೇರೂ ಉಸಿರಾಡುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರಿನ ನಡುವೆ ಇದ್ದರೂ ನೀರು ಹೀರಲಾರದು. ಆಗಲೂ ಎಲೆಯಂಚು ಒಣಗುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ಮತ್ತೆ ನೀರೆರೆದರೆ ಗಿಡದ ಕಥೆ ಮುಗಿದಂತೆಯೇ.

ಆದ್ದರಿಂದ ಎಲೆ ನೋಡಿ ನೀರು ಹಾಕಬಾರದು, ಮಣ್ಣು ನೋಡಿ ಹಾಕಬೇಕು. ಎರಡು ಅಂಗುಲ ಆಳಕ್ಕೆ ಬೆರಳಿಳಿಸಿ. ತಣ್ಣಗೆ ಒದ್ದೆಯಾಗಿದ್ದರೆ ನೀರು ಬೇಡ. ಹೇಲ್ಸ್ ಮಾಡಿದಂತೆ ಕುಂಡದ ತೂಕವನ್ನೂ ನೋಡಬಹುದು. ಒಂದು ಪಕ್ಕ ಸ್ವಲ್ಪ ಎತ್ತಿದರೆ ಸಾಕು, ಹಗುರವೋ ಭಾರವೋ ಕೈಗೇ ತಿಳಿಯುತ್ತದೆ.

ತಳದಲ್ಲಿ ಜಲ್ಲಿ ಹಾಕಬೇಕೆ?

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಒಂದು ಪ್ರಯೋಗ ಮಾಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತಷ್ಟು ನೀರು ಸುರಿಯುತ್ತದೆ! ಮಣ್ಣೂ ಸ್ಪಂಜಿನಂತೆಯೇ ತಳದಲ್ಲಿ ಸ್ವಲ್ಪ ನೀರನ್ನು ಬಿಗಿಹಿಡಿದಿರುತ್ತದೆ. ಕುಂಡದಲ್ಲಿ ಮಣ್ಣು ಎತ್ತರವಾಗಿದ್ದಷ್ಟೂ ಆ ನೀರು ಬೇರುಗಳಿಂದ ದೂರ. ಜಲ್ಲಿ ಹಾಕಿದರೆ ಮಣ್ಣಿನ ಎತ್ತರ ಕಡಿಮೆಯಾಗಿ, ನೀರು ನಿಲ್ಲುವ ಪದರ ಬೇರಿನ ಹತ್ತಿರಕ್ಕೇ ಏರುತ್ತದೆ. ಬೇಕಾದದ್ದು ಜಲ್ಲಿಯಲ್ಲ. ತಳದಲ್ಲಿ ತೂತು, ಮತ್ತು ಎಲೆಗೊಬ್ಬರ, ತೊಗಟೆಯ ಚೂರು ಬೆರೆತ ಸಡಿಲವಾದ ಮಣ್ಣು.

ಚಿಕಿತ್ಸೆಯ ಕ್ರಮ

ಸೊರಗಿದ ಮೇಪಲ್ ಬದುಕಿದೆಯೇ ಎಂದು ಮೊದಲು ನೋಡಬೇಕು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ. ಆಗ ಕುಂಡವನ್ನು ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ, ಗಾಳಿಯ ಹೊಡೆತವಿಲ್ಲದ ಜಾಗಕ್ಕೆ ಸರಿಸಬೇಕು. ಗೊಬ್ಬರ ಹಾಕಲೇಬಾರದು. ರಾಸಾಯನಿಕ ಗೊಬ್ಬರದ ಲವಣ ಹೆಚ್ಚಿದರೆ ಅಭಿಸರಣೆಯ ನಿಯಮದಂತೆ ಬೇರಿಗೆ ನೀರು ಹೀರುವುದು ಮತ್ತೂ ಕಷ್ಟವಾಗುತ್ತದೆ.

ಬೇರು ಕುಂಡದೊಳಗೆ ಸುತ್ತಿ ಸುತ್ತಿ ಗಂಟಾಗಿದ್ದರೆ, ಚಳಿಗಾಲದ ಕೊನೆಯಲ್ಲಿ ಮೊಗ್ಗು ಒಡೆಯುವ ಮೊದಲು ಅದನ್ನು ಬಿಡಿಸಿ, ತುಸು ದೊಡ್ಡ ಕುಂಡಕ್ಕೆ ಬದಲಾಯಿಸುತ್ತಾರೆ. ಬೇರು ಕಪ್ಪಾಗಿ ಕೊಳೆತಿದ್ದರೆ ಕಾಯುವಂತಿಲ್ಲ. ಆ ಭಾಗ ಕತ್ತರಿಸಿ ಕೂಡಲೇ ಹೊಸ ಮಣ್ಣಿಗೆ ಹಾಕಬೇಕು. ಒಂದಾದ ಮೇಲೊಂದು ಕೊಂಬೆ ಒಣಗುತ್ತಾ, ಕತ್ತರಿಸಿದ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು ಕಂಡರೆ ಅದು ವರ್ಟಿಸಿಲಿಯಮ್ ಎಂಬ ಶಿಲೀಂಧ್ರವಿರಬಹುದು. ಅದನ್ನು ಗುಣಪಡಿಸುವ ಔಷಧಿ ಇಲ್ಲ.

ಒಣಗಿದ ಎಲೆ ಮತ್ತೆ ಹಸಿರಾಗದು. ಮುಂದಿನ ವಸಂತದ ಚಿಗುರೇ ಉತ್ತರ ಹೇಳಬೇಕು. ಅಲ್ಲಿಯವರೆಗೆ ಕಾಯುವುದೂ ಆರೈಕೆಯೇ.

ನಮ್ಮಲ್ಲಿ ಈ ಮರ ಬೆಳೆದೀತೆ? ಕಷ್ಟ. ಇದರ ಮೊಗ್ಗುಗಳು ಸುಪ್ತಾವಸ್ಥೆಯಿಂದ ಸರಿಯಾಗಿ ಏಳಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬೆಂಗಳೂರಿನಲ್ಲಿ 1884ರಲ್ಲಿ ದಾಖಲಾದ ಕನಿಷ್ಠ ಉಷ್ಣತೆಯೇ 7.8 ಡಿಗ್ರಿ ಸೆಂಟಿಗ್ರೇಡ್. ಆದರೆ ಮೇಪಲ್ ಕಲಿಸುವ ಪಾಠ ನಿಮ್ಮ ಮನೆಯ ತುಳಸಿಗೂ, ಕುಂಡದ ಕರಿಬೇವಿಗೂ ಸಲ್ಲುತ್ತದೆ. ನಾಳೆ ಚೆಂಬು ಎತ್ತಿಕೊಳ್ಳುವ ಮೊದಲು ಒಮ್ಮೆ ಮಣ್ಣಿಗೆ ಬೆರಳಿಳಿಸಿ ನೋಡುವಿರಲ್ಲವೇ?